ಹಾಲಿನ ಕ್ಯಾನಿಗೆ ಕಟ್ಟಿದ ಟವಲು

ಜನವರಿ 14, ಮಂಗಳವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ರೊವೆನಾ ಹಾಲಮ್ ಕುಂಬೂರಾ ಠಾಣೆಯ ಮೆಟ್ಟಿಲು ಹತ್ತಿದಳು. ಆರು ದಿನದ ಹಿಂದೆ ಕಾಡ್ಗಿಚ್ಚಿನಲ್ಲಿ ಅಪ್ಪ ಆರ್ಚಿಯನ್ನೂ ಅಮ್ಮ ನೆಟ್ಟಿಯನ್ನೂ ಕಳೆದುಕೊಂಡವಳು. ಸಾರ್ಜೆಂಟ್ ಕ್ಲೈವ್ ಟ್ರೆವೆನಾ ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ.

"ಅಪ್ಪನ ಗೇಟಿಗೆ ಟವಲು ಕಟ್ಟಿತ್ತು ಅಂತ ಬರೆದಿದೀಯಂತೆ."

"ಕಟ್ಟಿತ್ತು. ಮಾರನೇ ದಿನ ನಾನೇ ನೋಡಿದೀನಿ."

"ಅಪ್ಪ ಕಟ್ಟಿಲ್ಲ. ಆ ಮನೇಲಿ ಬಿಳೀ ಟವಲೇ ಇಲ್ಲ ಕ್ಲೈವ್. ಅಮ್ಮಂಗೆ ಪಾರ್ಶ್ವವಾಯು ಬಡಿದ ಮೇಲೆ ಎಲ್ಲಾ ಕಡುನೀಲೀದೇ. ಕಲೆ ಕಾಣಬಾರದು ಅಂತ ನಾನೇ ತಂದುಕೊಟ್ಟಿದ್ದು."

ಕುಂಬೂರಾದಲ್ಲಿ ಬೆಂಕಿಗೆ ಹೆದರಿ ಮನೆ ಬಿಟ್ಟವರು ಗೇಟಿನ ಅಂಚೆ ಡಬ್ಬಕ್ಕೆ ಬಿಳಿ ಟವಲು ಕಟ್ಟಿ ಹೋಗಬೇಕು. ಟವಲಿದ್ದರೆ ಮನೆ ಖಾಲಿ, ಅಗ್ನಿಶಾಮಕ ದಳದವರು ಅಲ್ಲಿ ನಿಂತು ಹೊತ್ತು ಕಳೆಯುವುದಿಲ್ಲ. ಮುದುಕರಿಬ್ಬರೂ ಒಮ್ಮೆ ಹೊರಟು, ಏನೋ ಮರೆತು ಹಿಂದಿರುಗಿರಬೇಕು ಎಂದು ಕ್ಲೈವ್ ವರದಿ ಬರೆದಿದ್ದ. ಊರೂ ಅದನ್ನೇ ನಂಬಿತ್ತು.

"ಮನೆ ಖಾಲಿ ಅಂತ ಯಾರು ಹೇಳಿದ್ರು? ಅಷ್ಟು ಗೊತ್ತಾಗ್ಬೇಕು ನಂಗೆ. ಬರ್ಕೋ."

ಕ್ಲೈವ್ ಬರೆದುಕೊಂಡ. ಎಂಟನೇ ತಾರೀಖು ಮಧ್ಯಾಹ್ನ ಫುಟ್‌ಬಾಲ್ ಮೈದಾನದ ಸಭಾಂಗಣದಲ್ಲಿ ಮುನ್ನೂರ ಹನ್ನೆರಡು ಜನ ಸೇರಿದ್ದರು. ಊರಿಂದಾಚೆ ಹೋಗುವ ಒಂದೇ ರಸ್ತೆಗೆ ಮರ ಬಿದ್ದಿತ್ತು. ಸ್ವಯಂಸೇವಕ ದಳದ ಕ್ಯಾಪ್ಟನ್ ಡೌಗಲ್ ಮೆಕಿನ್ನಿ ಆರು ಜನರನ್ನು ಹಾಲಮ್ ರಸ್ತೆಯುದ್ದಕ್ಕೂ ನಿಲ್ಲಿಸಿ, ಬರುವ ಬೆಂಕಿಗೆ ಮೇವು ಉಳಿಯದಂತೆ ನಡುವಿನ ಕಾಡನ್ನು ಮೊದಲೇ ಸುಡಲು ಎರಡು ಐವತ್ತಕ್ಕೆ ಎದುರು ಬೆಂಕಿ ಹಚ್ಚಿಸಿದ. ದೊಡ್ಡ ಬೆಂಕಿ ಬಂತು, ತಿನ್ನಲು ಏನೂ ಸಿಗದೆ ಪಕ್ಕಕ್ಕೆ ಸರಿಯಿತು. ಸಭಾಂಗಣದಲ್ಲಿದ್ದ ಒಬ್ಬರ ಕೂದಲೂ ಕೊಂಕಲಿಲ್ಲ. ಅಲ್ಲಿ ಕ್ಲೈವನ ತಾಯಿ ಊನಾ ಕೂಡ ಇದ್ದಳು. ಆ ಎದುರು ಬೆಂಕಿಯ ದಾರಿಗೆ ಸಿಕ್ಕಿದ್ದು ಆರ್ಚಿಯ ಮನೆ ಒಂದೇ.

ಹತ್ತೂ ಮುಕ್ಕಾಲಿಗೆ ಮಹಿಳಾ ಕಾನ್‌ಸ್ಟೆಬಲ್ ಜೋಡಿ ಪಪಾಸ್ ಜೊತೆ ಸ್ಥಳ ಮಹಜರು. ಸುಟ್ಟ ಮನೆ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ, ಗೇಟು ರಸ್ತೆಯ ಅಂಚಿಗೆ. ಅಂಚೆ ಡಬ್ಬ ಎಂದರೆ ಕಂಬಕ್ಕೆ ಅಡ್ಡಲಾಗಿ ಬಿಗಿದ ಹಳೇ ಹಾಲಿನ ಕ್ಯಾನು, ಮೇಲೆ ಹಸಿರು ಬಣ್ಣ. ಅದರ ಹಿಡಿಗೆ ಕಟ್ಟಿದ ಟವಲಿನ ತುಂಬ ಮಸಿ. ಫೋಟೋ ತೆಗೆದಾದ ಮೇಲೆ ಕಾನ್‌ಸ್ಟೆಬಲ್ ಕೈಗವಸು ಹಾಕಿಕೊಂಡು ಗಂಟು ಬಿಚ್ಚಿದಳು.

"ಸಾರ್, ಇಲ್ನೋಡಿ."

ಟವಲಿನ ಅಡಿಯಲ್ಲೂ ಮಸಿ ಇತ್ತು. ಹಿಡಿಯ ಹಸಿರು ಬಣ್ಣ ಶಾಖಕ್ಕೆ ಬೊಕ್ಕೆ ಎದ್ದು ಸಿಪ್ಪೆ ಸುಲಿದಿತ್ತು. ಬಟ್ಟೆಯಲ್ಲಿ ಮಾತ್ರ ಒಂದು ಎಳೆಯೂ ಸುಟ್ಟಿರಲಿಲ್ಲ.

"ಬೆಂಕಿ ಆರಿದ ಮೇಲೆ ಕಟ್ಟಿ, ಕೈಯಾರೆ ಬೂದಿ ಬಳಿದಿದಾರೆ," ಎಂದ ಕ್ಲೈವ್.

ಜೋಡಿ ಟವಲನ್ನು ಮೂಗಿನ ಹತ್ತಿರ ತಂದಳು. "ಅಯೋಡಿನ್. ಇದು ಕೆಚ್ಚಲು ಒರೆಸೋ ಬಟ್ಟೆ ಸಾರ್. ನಮ್ಮಪ್ಪನ ಕೊಟ್ಟಿಗೇಲೇ ಬೆಳೆದೋಳು ನಾನು, ಈ ವಾಸನೆ ಸತ್ರೂ ಮರೆಯಲ್ಲ. ಆರ್ಚಿ ಹತ್ರ ಕುರಿ ಇತ್ತು, ಹಸು ಎಲ್ಲಿತ್ತು?"

ಕುಂಬೂರಾದಲ್ಲಿ ಈಗ ಹಾಲು ಕರೆಯುವ ಕೊಟ್ಟಿಗೆ ಇರುವುದು ಒಂದೇ, ಡೌಗಲ್ ಮೆಕಿನ್ನಿಯದು.

ಒಂದೂ ಕಾಲಿಗೆ ದಳದ ಶೆಡ್ಡಿನಲ್ಲಿ ಹೇಳಿಕೆ. ಅಂದು ಬೆಂಕಿ ಹಚ್ಚಿದ ಆರು ಜನರಲ್ಲಿ ಒಬ್ಬ ಲಾಕಿ, ಇಪ್ಪತ್ನಾಲ್ಕು ವರ್ಷ. ರೊವೆನಾಳ ಮಗ, ಸತ್ತವರ ಮೊಮ್ಮಗ. ತೊಳೆದ ಪೈಪುಗಳನ್ನೇ ಮತ್ತೆ ತೊಳೆಯುತ್ತಿದ್ದ.

"ನೀನೆಲ್ಲಿ ನಿಂತಿದ್ದೆ?"

"ರಸ್ತೆ ಪೂರ್ವದ ತುದೀಲಿ. ಗೇಟು ನಾಲ್ಕು ಕಿಲೋಮೀಟರ್ ಆಚೆ, ಬರೀ ಹೊಗೆ. ಹಚ್ಚು ಅಂದ್ರು, ನಾ ಹಚ್ಚಲಿಲ್ಲ. ಅಜ್ಜ ಅಜ್ಜಿ ಹೋದ್ರಾ ಅಂತ ವಾಕಿಟಾಕಿಯಲ್ಲಿ ಕೇಳ್ದೆ. ಕ್ಯಾಪ್ಟನ್ನು, ಗೇಟಲ್ಲಿ ಟವಲಿದೆ, ಹಚ್ಚೋ ಅಂದ್ರು."

"ನೀನು ಹಚ್ಚಿದೆ."

"ಟವಲಿತ್ತಲ್ಲ ಸಾರ್! ಮಾರನೇ ದಿನ ಹೋಗಿ ನಾನೇ ನೋಡ್ದೆ. ಅಜ್ಜ ನಾಯಿ ಹುಡುಕ್ಕೊಂಡು ವಾಪಸ್ ಬಂದಿರ್ಬೇಕು, ಅಲ್ವಾ? ಟವಲಿತ್ತು." ಲಾಕಿ ಪೈಪನ್ನು ಕೆಳಗಿಟ್ಟ. "ಹಚ್ಚಿದೋರಲ್ಲಿ ನಾನೂ ಇದ್ದೆ ಅಂತ ಅಮ್ಮಂಗೆ ಗೊತ್ತಿಲ್ಲ. ಹೇಳ್ಬೇಡಿ."

ಕ್ಲೈವ್ ಕಾರಿನಲ್ಲಿ ಕೂತ. ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಬಾಯಿಮಾತಿಗೆ ಎಷ್ಟು ಸಲ ಆಡಿದ್ದನೋ. ಈಗ ನಡುವೆ ನಿಂತದ್ದು ತಾನೇ. ಮಹಜರಿನ ಎರಡು ಹಾಳೆ ಒಲೆಗೆ ಹಾಕಿದರೆ ಮುಗಿಯಿತು. ಊರು ಕಾಯ್ದವನು ಊರಲ್ಲೇ ಉಳಿಯುತ್ತಾನೆ, ಹುಡುಗನೂ ಬದುಕಿಕೊಳ್ಳುತ್ತಾನೆ. ಹಾಳೆಗಳನ್ನು ಜೇಬಿನಲ್ಲಿಟ್ಟುಕೊಂಡೇ ತಾಯಿಯ ಮನೆಗೆ ಹೋದ.

"ಅವತ್ತು ಡೌಗಲ್ ಇಲ್ದಿದ್ರೆ ನೀನು ಇರ್ತಿರಲಿಲ್ಲ ಅಮ್ಮ," ಎಂದ.

ಎಂಬತ್ನಾಲ್ಕರ ಊನಾ ಮಗನ ಮುಖವನ್ನೇ ನೋಡಿದಳು. ಅವನು ಹೆಚ್ಚೇನೂ ಹೇಳದಿದ್ದರೂ ಅವಳಿಗೆ ವಿಷಯದ ವಾಸನೆ ಹತ್ತಿತ್ತು. "ನೆಟ್ಟಿ ಜೊತೆ ಅರವತ್ತು ವರ್ಷ ಇಸ್ಪೀಟು ಆಡಿದೋಳು ನಾನು. ಅವಳ್ನ ಕೊಟ್ಟು ನನ್ನ ಉಳಿಸ್ಕೊಂಡ್ರಾ? ನನ್ನನ್ನ ಯಾರೂ ಕೇಳ್ಲಿಲ್ವಲ್ಲೋ. ಕೇಳಿದ್ರೆ ಬೇಡ ಅಂತಿದ್ದೆ."

ನಾಲ್ಕು ಹತ್ತಕ್ಕೆ ಮೆಕಿನ್ನಿಯ ಕೊಟ್ಟಿಗೆ. ಹಾಲು ಕರೆಯುವ ಹೊತ್ತು. ಡೌಗಲ್ ಯಂತ್ರದ ನಡುವೆ ಬಗ್ಗಿ ನಿಂತಿದ್ದ, ಹೆಗಲ ಮೇಲೆ ಬಿಳಿ ಟವಲು.

"ಕೇಳು ಕ್ಲೈವ್. ಹಸು ಕಾಯಲ್ಲ."

"ಟವಲು ಯಾವಾಗ ಕಟ್ಟಿದೆ?"

"ಅವತ್ತೇ ಸಂಜೆ, ಏಳು ಗಂಟೆಗೆ."

"ಅವರು ಮನೇಲೇ ಇರೋದು ಗೊತ್ತಿತ್ತಾ?"

"ಎರಡು ನಲವತ್ತಕ್ಕೆ ಆರ್ಚಿ ಫೋನಲ್ಲಿ ಕೂಗ್ದ. ನೆಟ್ಟಿನ ಗಾಡಿಗೆ ಹತ್ತಿಸೋಕೆ ಆಗ್ತಿಲ್ಲ, ಯಾರನ್ನಾದ್ರೂ ಕಳಿಸು ಅಂದ. ಕಳಿಸ್ತೀನಿ ಅಂದೆ." ಡೌಗಲ್ ಒಂದು ಕೆಚ್ಚಲು ಒರೆಸಿದ. "ಹೋಗಿ ಬರೋಕೆ ಇಪ್ಪತ್ತು ನಿಮಿಷ. ಬೆಂಕಿಗೆ ಬೇಕಾಗಿದ್ದು ಹತ್ತು."

"ಹಚ್ಚದೇ ಬಿಟ್ಟಿದ್ರೆ ಅವರು ಉಳೀತಿದ್ರಾ?"

"ಉಳೀತಿದ್ರೋ ಏನೋ. ಅವನು ಛಾವಣಿಗೆ ನೀರು ಬಿಡ್ತಾ ಇದ್ದ. ಗೊತ್ತಿಲ್ಲ ಕಣೋ. ಅದೇ ನನ್ನ ತಿಂತಿರೋದು."

"ಎಲ್ಲಾ ಬಿಟ್ಟು ಲಾಕಿ ಕೈಲೇ ಹಚ್ಚಿಸ್ಬೇಕಿತ್ತಾ?"

"ಇದ್ದಿದ್ದೇ ಆರು ಜನ! ಅವನೊಬ್ಬ ನಿಂತಿದ್ರೆ ಸಾಲು ಹರಿದು ಬೆಂಕಿ ಸಭಾಂಗಣಕ್ಕೇ ನುಗ್ತಿತ್ತು. ಅದಕ್ಕೇ ಟವಲಿದೆ ಅಂದೆ. ಅಂದ್ಮೇಲೆ ಟವಲು ಅಲ್ಲಿ ಇರಲೇಬೇಕಿತ್ತಲ್ಲ." ಡೌಗಲ್ ಮೊದಲ ಸಲ ತಲೆ ಎತ್ತಿದ. ಕಣ್ಣು ಕೆಂಪಗಿತ್ತು. "ಕೊಲೆ ಅಂತಾನೇ ಬರ್ಕೋ, ರುಜು ಹಾಕ್ತೀನಿ. ಲಾಕಿ ಕೇಳಿದ್ದು, ನಾನು ಹೇಳಿದ್ದು, ಅದೊಂದು ಬರೀಬೇಡ. ನಿನ್ನ ಕಾಲಿಗೆ ಬೀಳ್ತೀನಿ."

"ಮನೆ ಖಾಲಿ ಅಂತ ಯಾರು ಹೇಳಿದ್ರು ಅಂತಾನೇ ಕಣೋ ರೊವೆನಾ ದೂರು ಕೊಟ್ಟಿರೋದು."

ಡೌಗಲ್ ಮುಂದಿನ ಹಸುವಿನ ಕಡೆ ತಿರುಗಿದ. "ಇನ್ನೂ ಹದಿನೆಂಟು ಹಸು ಇವೆ," ಎಂದ. ಕ್ಲೈವ್ ಕಾದ. ಕೊನೆಯ ಹಸುವೂ ಹೊರಗೆ ಹೋದ ಮೇಲೆ, ಐದು ನಲವತ್ತಕ್ಕೆ ಬಂಧಿಸಿದ. ಕೋಳ ಹಾಕಲಿಲ್ಲ.

ಠಾಣೆಯ ಅಂಗಳದಲ್ಲಿ ರೊವೆನಾ ಕಾದಿದ್ದಳು, ಪಕ್ಕದಲ್ಲಿ ಲಾಕಿ. ಜೋಡಿ ಡೌಗಲ್‌ನನ್ನು ಕಾರಿನಿಂದ ಇಳಿಸಿದಳು. ಅವನು ಯಾರನ್ನೂ ನೋಡದೆ ಒಳಗೆ ನಡೆದ.

"ಸಾರ್," ಎಂದ ಲಾಕಿ. "ಟವಲಿತ್ತಲ್ವಾ?"

ಇತ್ತು ಎನ್ನುವ ಮಾತು ಕ್ಲೈವ್‌ನ ನಾಲಗೆಯ ತುದಿಗೆ ಬಂದಿತ್ತು. ಹೇಳಿದರೂ ನಾಳೆ ಕೋರ್ಟಿನಲ್ಲಿ ಬೇರೆ ಯಾರೋ ಓದಿ ಹೇಳುತ್ತಾರೆ.

"ಇರಲಿಲ್ಲ ಲಾಕಿ. ಆಮೇಲೆ ಕಟ್ಟಿದ್ದು."

ಲಾಕಿ ತನ್ನ ಎರಡೂ ಅಂಗೈ ನೋಡಿಕೊಂಡ. ರೊವೆನಾ ಮಗನ ಕಡೆ ತಿರುಗಿದಳು.

"ನೀನ್ಯಾಕೋ ಅದನ್ನ ಕೇಳ್ತಿದೀಯ?"

ಕ್ಲೈವ್ ಒಳಗೆ ಹೋಗಿ ಬಾಗಿಲು ಮುಚ್ಚಿದ. ಆರೂ ಐದಕ್ಕೆ ಬಂಧನದ ದಾಖಲೆ ತುಂಬಿದ. ಉದ್ದೇಶ ಎಂಬ ಜಾಗದಲ್ಲಿ ಪೆನ್ನು ನಿಂತಿತು. ಕೊನೆಗೆ, ಆರೋಪಿ ಬೆಂಕಿ ಹಚ್ಚಿಸಿದ್ದು ಸಭಾಂಗಣದಲ್ಲಿದ್ದ ಮುನ್ನೂರ ಹನ್ನೆರಡು ಜನರನ್ನು ಉಳಿಸಲು, ಟವಲು ಕಟ್ಟಿದ್ದು ಲಾಕಿ ಹಾಲಮ್ ಒಬ್ಬನನ್ನು ಉಳಿಸಲು ಎಂದು ಬರೆದು ರುಜು ಹಾಕಿದ. ಹೊರಗೆ ರೊವೆನಾ ಮಗನ ಹೆಸರು ಹಿಡಿದು ಕೂಗುತ್ತಲೇ ಇದ್ದಳು.