ಅರಿಗವಸಿನ ಹಸಿರು ದೀಪ

ಕೆಲಗೇರಿ ಕೆರೆಯ ದಂಡೆಯಲ್ಲಿ ಓಡುತ್ತಿದ್ದ ಪ್ರಭಾವತಿ ಅಂಗಡಿ ಕುಂಟುತ್ತ ನಿಂತರು. ಕಾಲಿಗೆ ತೊಟ್ಟಿದ್ದ ತೆಳು ಗವಸಿನ ಹಸಿರು ದೀಪ ಕೆಂಪಾಗಿತ್ತು.

"ಮೊಣಕಾಲ ಚಿಪ್ಪು ಸವದೈತಿ ಅನಸ್ತೈತ್ರಿ ಮೇಡಮ್. ನನ್ನ ಓಟ ಮುಗೀತು."

ಗವಸನ್ನು ರೂಪಿಸಿದ್ದ ವಿಜ್ಞಾನಿ ನಿಖತ್ ಕಿತ್ತೂರ ತಮ್ಮ ಕೈಯಲ್ಲಿದ್ದ ಪರದೆ ನೋಡಿದರು. "ಚಿಪ್ಪು ಚೊಲೋ ಐತ್ರಿ ಅಕ್ಕಾರ. ತೊಡಿ ಹೊರಮಗ್ಗಲಿನ ಸ್ನಾಯುಪಟ್ಟಿ ಬಿಗದೈತಿ, ಅಷ್ಟ. ಸ್ವಲ್ಪ ದಿನ ಓಡಬ್ಯಾಡ್ರಿ."

ಪ್ರಭಾವತಿ ಚಿತ್ರಕಲಾ ಶಿಕ್ಷಕಿ. ಸಕ್ಕರೆ ಕಾಯಿಲೆಗೆ ಅಂಜಿ ಐವತ್ತರ ಹೊಸ್ತಿಲಲ್ಲಿ ಓಡಲು ಶುರುಮಾಡಿದವರು. ಹೊಸದಾಗಿ ಓಡುವವರ ಊಹೆ ಹೀಗೆಯೇ ತಪ್ಪುತ್ತದೆ ಎಂದು ನಿಖತ್ ತಮ್ಮ ಪ್ರಯೋಗಗಳಲ್ಲಿ ಕಂಡುಕೊಂಡಿದ್ದರು. ಸ್ನಾಯು ಸೆಳೆತವನ್ನು ಮೂಳೆಮುರಿತವೆಂದು ಹೆದರುವರು. ಮೂಳೆ ಬಿರುಕು ಬಿಟ್ಟಿದ್ದರೆ ದಣಿವೆಂದು ಓಡುವರು. ಅವರು ಅರಿಗವಸು ಎಂದು ಹೆಸರಿಟ್ಟಿದ್ದ ಈ ಗವಸು ಕಿವಿಗೆ ಕೇಳದ ಧ್ವನಿಯನ್ನು ಕಾಲಿನೊಳಗೆ ಕಳಿಸುತ್ತಿತ್ತು. ಸ್ನಾಯು, ಮೂಳೆಗಳಿಂದ ಬೇರೆಬೇರೆಯಾಗಿ ಮರಳುವ ಪ್ರತಿಧ್ವನಿಯಿಂದ ಪೆಟ್ಟಿನ ಜಾಗ ಹೇಳುತ್ತಿತ್ತು. ಅದು ತಪ್ಪುತ್ತಿದ್ದುದು ಅಪರೂಪ. ಕೆಲವೇ ವರ್ಷಗಳಲ್ಲಿ ಊರೂರಿನ ಓಟಗಾರರು ಅದನ್ನು ತೊಟ್ಟರು.

ಒಂದು ಮುಂಜಾನೆ ಪ್ರಭಾವತಿ ಅದೇ ದಂಡೆಯ ಮೇಲೆ ಕುಸಿದುಬಿದ್ದರು. ಹೃದಯಾಘಾತ. ಜೊತೆಗಿದ್ದವರು ಬೇಗ ಆಸ್ಪತ್ರೆಗೆ ಒಯ್ದಿದ್ದರಿಂದ ಜೀವ ಉಳಿಯಿತು.

"ಮೊದಲ ಏನೂ ಗೊತ್ತಾಗಲಿಲ್ಲೇನ್ರಿ?" ನೋಡಲು ಬಂದ ನಿಖತ್ ಕೇಳಿದರು.

"ದವಡಿ ಸೆಳೀತಿತ್ರಿ. ಬೆನ್ನಾಗ ಕಲ್ಲ ಇಟ್ಟಂಗ ಆಗಿತ್ತು. ಆದ್ರ ದೀಪ ಹಸರ ಇತ್ತಲ್ರಿ."

"ಅದು ಕಾಲ ಅಷ್ಟ ನೋಡ್ತೈತ್ರಿ ಅಕ್ಕಾರ."

"ಗೊತ್ತೈತ್ರಿ. ಆದ್ರೂ ಓಡಿದೆ."

ಯಂತ್ರ ಕೆಟ್ಟಿದ್ದರೆ ದುರಸ್ತಿ ಮಾಡಬಹುದಿತ್ತು. ನಿಖತ್ ವರ್ಷಗಟ್ಟಲೆ ಗವಸು ತೊಟ್ಟ ಹಳಬರನ್ನು ಕರೆಸಿ, ಅದನ್ನು ಬಿಚ್ಚಿಸಿ, ಎಲ್ಲಿ ನೋವೆಂದು ಕೇಳಿದರು. ಹೆಚ್ಚಿನವರು ತಡವರಿಸಿದರು. ಮೊದಲು ತಪ್ಪಾಗಿಯಾದರೂ ಉತ್ತರ ಹೇಳುತ್ತಿದ್ದವರು ಈಗ ಪರದೆಯ ಕಡೆ ಕತ್ತು ಚಾಚುತ್ತಿದ್ದರು.

ಅವರು ಗವಸನ್ನು ಬದಲಿಸಿದರು. ಇನ್ನು ದೀಪ ತಾನಾಗಿ ಹೊತ್ತುವಂತಿರಲಿಲ್ಲ. ತೊಟ್ಟವರು ನಿಂತು, ತಮಗೆ ಏನನಿಸುತ್ತಿದೆ ಎಂದು ಹೇಳಿದ ಮೇಲೆಯೇ ಅದು ತನ್ನ ತೀರ್ಪು ಕೊಡುತ್ತಿತ್ತು. ತಯಾರಿಸುವ ಕಂಪನಿ ಬೇಡವೆಂದಿತು. ಬಹಳ ಜನ ಕಿರಿಕಿರಿಯೆಂದು ಗವಸನ್ನೇ ಬಿಟ್ಟರು. ನಿಖತ್ ಹಿಂದೆಗೆಯಲಿಲ್ಲ.

ವೈದ್ಯರ ಒಪ್ಪಿಗೆ ಪಡೆದು ಪ್ರಭಾವತಿ ಮತ್ತೆ ಕೆರೆಗೆ ಬಂದರು. ಅರ್ಧ ಸುತ್ತು ನಿಧಾನವಾಗಿ ಓಡಿ, ತಾವಾಗಿಯೇ ನಿಂತು, ಕಣ್ಣು ಮುಚ್ಚಿದರು. ಉಸಿರು ಹತೋಟಿಗೆ ಬರಲು ಹೊತ್ತಾಯಿತು. "ಎದಿ ಹಗರ ಐತಿ. ದವಡಿ, ಬೆನ್ನು ಸುಮ್ನ ಅದಾವ. ಎಡಗಾಲ ಹಿಮ್ಮಡಿ ನೋಯಾಕತ್ತೈತ್ರಿ."

ಗವಸು ಮೀನಖಂಡದ ಸೆಳೆತ ಎಂದಿತು.

"ಅಯ್ಯ, ಮತ್ತ ತಪ್ಪ ಹೇಳಿದೆನ್ರಿ!"

"ಹೇಳಿದ್ದು ತಪ್ಪಾದ್ರ ಆಗಲ್ರಿ," ನಿಖತ್ ಅವರ ತೋಳು ಹಿಡಿದು ಕಲ್ಲುಬೆಂಚಿನ ಕಡೆ ನಡೆಸಿದರು. "ಈ ಸಲ ನಿಂತ್ರಲ್ಲ."