ಎಂಟು ನಿಮಿಷದ ಮಾತು

ಹಾಡು ಬಿಡುಗಡೆಯಾದ ಒಂಬತ್ತನೆಯ ದಿನ ದೊಡ್ಡ ಪತ್ರಿಕೆಯೊಂದರಲ್ಲಿ ವಿಮರ್ಶೆ ಬಂತು. ಅರ್ಧ ಪುಟದಷ್ಟಿದ್ದ ಬರಹದಲ್ಲಿ ಅವನ ಪಾಲಿಗೆ ದಕ್ಕಿದ್ದು ಮೂರೇ ಪದ: 'ಹಿತಮಿತವಾದ ಗಿಟಾರಿನ ಜೊತೆಗೆ'. ಮಿಕ್ಕಿದ್ದೆಲ್ಲ ಹಾಡಿದವಳ ಕಂಠದ ಗುಣಗಾನ. ಅಭ್ಯಾಸದ ಕೋಣೆಯ ಕಿಟಕಿಗೆ ಒರಗಿ ಅವನು ಅದನ್ನು ನಾಲ್ಕು ಸಲ ಓದಿದ. ರಾಗ ಅವನದು, ಸಾಲುಗಳು ಅವನವು, 'ಬಸ್ಸು ಹೋದ ಮೇಲೆ' ಎಂಬ ಹೆಸರೂ ಅವನದೇ. ಹನ್ನೊಂದು ತಿಂಗಳು ಅವನು ತಿದ್ದಿ ತೀಡಿದ್ದ ಹಾಡನ್ನು ಐದು ತಿಂಗಳ ಹಿಂದೆ ಅವಳು ಬಂದು ಎರಡು ಮಧ್ಯಾಹ್ನಗಳಲ್ಲಿ ಹಾಡಿ ಮುಗಿಸಿದ್ದಳು. ಈಗ ಬಸ್ಸಿನಲ್ಲಿ, ಹೇರ್ ಕಟಿಂಗ್ ಅಂಗಡಿಯಲ್ಲಿ, ಲಿಫ್ಟಿನೊಳಗೆ ಎಲ್ಲಿ ಹೋದರೂ ಅವಳ ದನಿಯೇ.

ಅವರಿಬ್ಬರೂ ಕಾಲೇಜಿನಿಂದ ಜೊತೆಯಲ್ಲಿ ಹಾಡುತ್ತಾ ಬಂದವರು. ಪ್ರೇಮಿಗಳೂ ಅಲ್ಲ, ಒಡಹುಟ್ಟಿದವರೂ ಅಲ್ಲ. ಜೋಡಿಗೆ 'ಅರ್ಧರ್ಧ' ಎಂದು ಹೆಸರಿಟ್ಟವಳು ಅವಳು. ಆ ಹೆಸರು ಅವನಿಗೆ ಈಗೀಗ ಕುಹಕದಂತೆ ಕೇಳಿಸುತ್ತಿತ್ತು.

ಕಂಠದ ಹೊಗಳಿಕೆಯನ್ನಾದರೂ ಅವನು ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಅವಳು ಮೂರು ತಿಂಗಳಿಂದ ಅಭ್ಯಾಸಕ್ಕೇ ತಪ್ಪಿಸಿಕೊಳ್ಳುತ್ತಿದ್ದಳು. ವಿಮರ್ಶೆ ಬಂದ ಮರುದಿನ ಕೋಣೆಗೆ ಬಂದವಳು ಎದುರಿನ ಸ್ಟೂಲಿನ ಮೇಲೆ ಕೂತು ನೇರವಾಗಿ ಹೇಳಿಬಿಟ್ಟಳು.

"ನಾನಿನ್ನು ಸ್ಟೇಜ್ ಹತ್ತಲ್ಲ ಕಣೋ. ಈ ಹಾಡೊಂದು ಆಯ್ತಲ್ಲ, ಇಲ್ಲಿಗೆ ಸಾಕು."

"ಸಾಕು ಅಂದ್ರೆ? ಹದಿನಾಲ್ಕು ಕಡೆಯಿಂದ ಕರೀತಿದಾರೆ. ತಲೆಗಿಲೆ ಕೆಟ್ಟಿದ್ಯಾ ನಿಂಗೆ?"

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. "ಕಾರಣ ಕೇಳ್ಬೇಡ. ಹೇಳೋ ಧೈರ್ಯ ಬಂದಾಗ ನಾನೇ ಹೇಳ್ತೀನಿ."

ಕಾರಣ ಅವನಿಗೆ ಗೊತ್ತಿತ್ತು. ದೊಡ್ಡ ರೆಕಾರ್ಡಿಂಗ್ ಕಂಪನಿಯೊಂದರ ಮುದ್ರೆಯಿದ್ದ ಲಕೋಟೆ ಅವಳ ಬಟ್ಟೆಚೀಲದಿಂದ ಇಣುಕಿದ್ದನ್ನು ಅವನು ಹಿಂದಿನ ವಾರವೇ ಕಂಡಿದ್ದ. ಅವನ ಹಾಡನ್ನು ಏಣಿ ಮಾಡಿಕೊಂಡು ಮೇಲೆ ಹತ್ತಿ, ಈಗ ಆ ಏಣಿಯನ್ನೇ ಒದೆಯುತ್ತಿದ್ದಾಳೆ. ಒಬ್ಬಳೇ ಹಾಡಿದರೆ ಜನ ಅವಳನ್ನು ನೆನಪಿಟ್ಟುಕೊಳ್ಳುತ್ತಾರೆ. ತಾನು ಯಾವನೋ ಗಿಟಾರಿನವನಾಗಿ ಉಳಿಯುತ್ತೇನೆ. ಅದೇ ಅವಳು ಇಲ್ಲವಾದರೆ? ಆಗ ಹಾಡು ಎಂದೆಂದಿಗೂ ಅರ್ಧರ್ಧದ್ದೇ, ಮತ್ತು ಅರ್ಧರ್ಧದಲ್ಲಿ ಉಳಿದವನು ಅವನೊಬ್ಬನೇ. ಮೊದಲ ಸಲ ಈ ಯೋಚನೆ ಬಂದಾಗ ಅವನು ಅದನ್ನು ತಳ್ಳಿಹಾಕಿದ. ಮೂರನೆಯ ಸಲ ಬರುವಷ್ಟರಲ್ಲಿ ಅವನು ಅದರ ವಿವರಗಳನ್ನು ಜೋಡಿಸತೊಡಗಿದ್ದ.

ಹಾಡು ಕಟ್ಟುವಾಗಿನ ಅದೇ ತಾಳ್ಮೆಯಿಂದ ಅವನು ಇದನ್ನೂ ಕಟ್ಟಿದ. ಅಭ್ಯಾಸದ ಕೋಣೆಯಿದ್ದದ್ದು ನಾಲ್ಕು ಮಹಡಿಯ ಹಳೆಯ ಕಟ್ಟಡದಲ್ಲಿ. ತಾರಸಿಯ ಮೋಟುಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂರುವುದು ಅವಳ ಚಾಳಿ. ಕೆಳಗಿನ ದರ್ಜಿಯಿಂದ ಹಿಡಿದು ಕಾವಲಿನವನವರೆಗೆ ಎಲ್ಲರೂ ಅದಕ್ಕಾಗಿ ಅವಳನ್ನು ಗದರಿದ್ದರು. ಗೋಡೆಯಾಚೆ ಮುರಿದ ಪೆಟ್ಟಿಗೆಗಳು ತುಂಬಿದ ಹಿತ್ತಿಲ ಓಣಿ. ಸಂಜೆ ಆರಕ್ಕೆ ಕಾವಲಿನವನು ಗೇಟು ಹಾಕಲು ಬರುವವರೆಗೆ ಅಲ್ಲಿ ನರಪಿಳ್ಳೆಯೂ ಸುಳಿಯುವುದಿಲ್ಲ. ಮೂರು ಗಂಟೆಗೆ ತಾನು ಅವಳನ್ನು ಭೇಟಿಯಾದದ್ದನ್ನು ಅವನು ಮುಚ್ಚಿಡುವುದಿಲ್ಲ, ಮುಚ್ಚಿಡುವವನೇ ಸಿಕ್ಕಿಬೀಳುವುದು. ಮೂರೂಕಾಲಿಗೆ ಹೊರಟು ಬಂದೆ, ಅವಳು ಮೇಲೆಯೇ ಉಳಿದಳು ಎಂದು ಬಾಯಿಬಿಟ್ಟು ಹೇಳುತ್ತಾನೆ. ನಾಲ್ಕು ಗಂಟೆಯ ಮೇಲೂ ಅವಳು ಬದುಕಿದ್ದಳು ಎಂಬುದಕ್ಕೆ ಸಾಕ್ಷಿ ಒದಗಿಸಿದರೆ ಆಯಿತು. ಕರೆ ಬಂದರೆ ತಾನಾಗಿಯೇ ಎತ್ತಿಕೊಳ್ಳುವ ಏರ್ಪಾಡು ಅವಳ ಫೋನಿನಲ್ಲಿತ್ತು. ರಾಗಗಳನ್ನು ಗುನುಗಿ ಮುದ್ರಿಸಿಕೊಳ್ಳಲು ಆ ಫೋನನ್ನು ನೂರು ಸಲ ತೆರೆದಿದ್ದ ಅವನಿಗೆ ಅದರ ಬೀಗದ ಸಂಖ್ಯೆ ಬಾಯಿಪಾಠ.

ಗುರುವಾರ ಮೂರು ಗಂಟೆಗೆ ಅವಳು ಕೋಣೆಯಿಂದ ತನ್ನ ಸಾಮಾನು ಒಯ್ಯಲು ಬಂದಳು. ಸ್ವಲ್ಪ ಹೊತ್ತಿನಲ್ಲಿ ತಾರಸಿಗೆ ಹೋಗಿ ಎಂದಿನಂತೆ ಮೋಟುಗೋಡೆಯ ಮೇಲೆ ಕೂತಳು. ಹಿಂದೆಯೇ ಹತ್ತಿದ ಅವನ ಕಾಲಿಗೆ ಖಾಲಿ ಡಬ್ಬಿಯೊಂದು ತಾಗಿ ಗಡಗಡನೆ ಉರುಳಿತು. ಅವನು ಇದ್ದಲ್ಲೇ ನಿಂತ. ಅವಳು ತಿರುಗಲಿಲ್ಲ. ಓಣಿ ನೋಡುತ್ತಾ ಮೈಮರೆತಿದ್ದಾಳೆ, ಅದೃಷ್ಟ ತನ್ನ ಕಡೆಗಿದೆ ಎಂದುಕೊಂಡ. ಮೂರು ಹೆಜ್ಜೆ, ಎರಡು ಅಂಗೈ. ಅವಳು ಕೂಗಲೂ ಇಲ್ಲ. ಅವನು ಬಗ್ಗಿ ನೋಡಲಿಲ್ಲ. ನೋಡಬಾರದೆಂದು ಮೊದಲೇ ನಿಶ್ಚಯಿಸಿದ್ದ. ಗೋಡೆಯ ಬುಡದಲ್ಲಿದ್ದ ಅವಳ ಚೀಲದಿಂದ ಕರವಸ್ತ್ರ ಹಿಡಿದು ಫೋನನ್ನು ತೆಗೆದು, ಬೇಕಾದಂತೆ ಸಜ್ಜುಮಾಡಿ ಮತ್ತೆ ಅಲ್ಲೇ ಇಟ್ಟ. ಇಳಿಯುವಾಗ ದರ್ಜಿಗೆ ಕೈಬೀಸಿದ.

ಮೂರು ನಲವತ್ತಕ್ಕೆ ಅವನು ರೇಡಿಯೋ ಕೇಂದ್ರದಲ್ಲಿದ್ದ. ಹಾಡಿನ ಬಗ್ಗೆ ಸಂದರ್ಶನವಿತ್ತು. ಕಾಯುವ ಕೋಣೆಯಲ್ಲಿ ಸ್ವಾಗತಕಾರಿಣಿ, ಸಂದರ್ಶಕ, ಸಂದರ್ಶಕನ ಕೈಯಲ್ಲೊಂದು ಕಾಫಿ ಲೋಟ. ನಾಲ್ಕು ಹತ್ತಕ್ಕೆ ಅವನು ಅವಳಿಗೆ ಫೋನ್ ಮಾಡಿದ. ಆ ಕಡೆ ಕರೆ ಎತ್ತಿಕೊಂಡಿತು. ಗಾಳಿ ಬೀಸುವ ಸದ್ದು ಮಾತ್ರ.

"ಎಲ್ಲಿದೀಯೇ? ಇನ್ನೂ ಮೇಲೇನಾ? ಅಯ್ಯೋ, ಆ ಗೋಡೆ ಮೇಲೆ ಕೂತ್ಕೋಬೇಡ ಅಂತ ಎಷ್ಟು ಸಲ ಬಡ್ಕೋಬೇಕು ನಾನು?" ಸ್ವಲ್ಪ ತಡೆದ. ಅವಳು ನಗಬೇಕಾದಷ್ಟು ಹೊತ್ತು ಬಿಟ್ಟು ತಾನೂ ನಕ್ಕ. "ಆಯ್ತು ಮಾರಾಯ್ತಿ, ನಿನ್ನಷ್ಟು ಚೆನ್ನಾಗಿ ಮಾತಾಡೋಕೆ ನನಗೆಲ್ಲಿ ಬರುತ್ತೆ? ಹ್ಞೂಂ... ಹ್ಞೂಂ... ನಿನ್ನ ಹೆಸರು ಮೊದಲು ಹೇಳ್ತೀನಿ, ಸರೀನಾ?"

ಸ್ವಾಗತಕಾರಿಣಿ ಮುಗುಳ್ನಕ್ಕಳು. ಎಂಟು ನಿಮಿಷ. ಎಲ್ಲೂ ತಾಳ ತಪ್ಪಲಿಲ್ಲ. ಇಲ್ಲದವಳ ಸಾಲುಗಳಿಗೆ ಜಾಗ ಬಿಟ್ಟು ತನ್ನ ಸಾಲುಗಳನ್ನು ನುಡಿಯುವಾಗ, ಈವರೆಗೆ ತಾನು ಬರೆದುದರಲ್ಲೆಲ್ಲ ಇದೇ ಚೆನ್ನಾಗಿದೆ ಎಂದು ಅವನಿಗೆ ಅನ್ನಿಸಿತು. ಯಾವ ವಿಮರ್ಶಕನಿಗೂ ಇದನ್ನು ತೋರಿಸುವಂತಿಲ್ಲವಲ್ಲ ಎಂದು ಒಂದು ಕ್ಷಣ ಕೊರಗಿದ ಕೂಡ.

ಮುಂದಿನದೆಲ್ಲ ಅವನು ಎಣಿಸಿದಂತೆಯೇ ನಡೆಯಿತು. ಆರಕ್ಕೆ ಕಾವಲಿನವನ ಕೂಗು. ಮೂರರಿಂದ ಐದರೊಳಗೆ ಸಾವು ಎಂದರು ವೈದ್ಯರು. ನಾಲ್ಕು ಹದಿನೆಂಟರವರೆಗೆ ಮಾತಾಡಿದ್ದಾಳೆ ಎಂದಿತು ಫೋನ್ ಕಂಪನಿ. ಕಾಲುಜಾರಿದ ಸಾವು ಎಂದರು ಪೊಲೀಸರು. ಹಾಡು ಇನ್ನೂ ಹೆಚ್ಚು ಹಬ್ಬಿತು. ಜನ ಅತ್ತರು. ಅದೇ ಪತ್ರಿಕೆಯ ಅದೇ ವಿಮರ್ಶಕ ಇನ್ನೊಂದು ಬರಹ ಬರೆದ. ಈ ಸಲ ಅವನಿಗೇ ಎರಡು ಕಂಡಿಕೆ: 'ನೋವನ್ನು ಮುಂಗಂಡ ಕವಿ'. ಅವನು ಅದನ್ನು ಕತ್ತರಿಸಿಟ್ಟುಕೊಂಡ.

ಹತ್ತನೆಯ ದಿನ ಇನ್ಸ್‌ಪೆಕ್ಟರ್ ಕರೆಸಿದರು. ವಯಸ್ಸಾದ, ಮೆದುಮಾತಿನ ಮನುಷ್ಯ. ಹೇಳಿಕೆಗೆ ಸಹಿ ಹಾಕಿದರೆ ಕಡತ ಮುಚ್ಚಬಹುದು, ಅಷ್ಟೇ. ಅವನು ಹೇಳಿದ, ಗುಮಾಸ್ತ ಬರೆದುಕೊಂಡ. ಹೇಳುತ್ತಾ ಹೇಳುತ್ತಾ ಅವನೊಳಗಿನ ಕವಿ ಸುಮ್ಮನಿರಲಿಲ್ಲ, ಮುಗಿಸುವಾಗ ಗಂಟಲು ಕಟ್ಟಿದವನಂತೆ ಒಂದು ಸಾಲು ಸೇರಿಸಿದ: "ಸಂಜೆ ಅಕ್ಕಂಗೆ ಫೋನ್ ಮಾಡ್ತೀನಿ, ಅವಳ ಹತ್ರ ಮಾತಾಡಿ ತುಂಬ ದಿನ ಆಯ್ತು ಅಂದ್ಲು ಸಾರ್. ಅದೇ ಕೊನೆ ಮಾತು." ಸಹಿ ಹಾಕಿ ಪೆನ್ನು ಕೆಳಗಿಡುವಷ್ಟರಲ್ಲಿ ಅವಳ ಅಕ್ಕ, ಔಷಧಿ ಅಂಗಡಿ ನಡೆಸುವ ಹೆಂಗಸು, ತಂಗಿಯ ಚೀಲ ತೆಗೆದುಕೊಂಡು ಹೋಗಲು ಒಳಗೆ ಬಂದಳು. ಸಾವಿನ ದಿನದಿಂದ ಅವಳು ಯಾರೊಂದಿಗೂ ಒಂದು ಮಾತು ಆಡಿರಲಿಲ್ಲ.

ಸಮಾಧಾನ ಹೇಳಲೆಂದು ಇನ್ಸ್‌ಪೆಕ್ಟರ್ ಎಂಟು ನಿಮಿಷದ ಆ ಫೋನ್ ಮಾತಿನ ವಿಷಯ ತಿಳಿಸಿ, ಕೊನೆಯ ಸಾಲನ್ನು ಅವಳಿಗೆ ಓದಿ ಹೇಳಿದರು. ಅವಳು ಅತ್ತಾಳು ಎಂದು ಅವನು ಕರವಸ್ತ್ರ ತೆಗೆದ. "ಫೋನಾ?" ಎಂದಳು ಅಕ್ಕ. "ಮೂರು ತಿಂಗಳಿಂದ ಅವಳಿಗೆ ಎರಡೂ ಕಿವಿ ಕೇಳಿಸ್ತಿರಲಿಲ್ಲ ಸಾರ್. ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೋಳು ನಾನೇ, ಚೀಟಿಗಳೆಲ್ಲ ಮನೇಲಿವೆ. ಎದುರಿಗೆ ಕೂತು ತುಟಿ ನೋಡ್ಕೊಂಡು ಅರ್ಥ ಮಾಡ್ಕೋತಿದ್ಲು. ಇವನಿಗೆ ಹೇಳೋಕೆ ಭಯ, ಹಾಡೇ ನಿಂತುಹೋಗುತ್ತಲ್ಲಕ್ಕ ಅಂತ ಅಳ್ತಿದ್ಲು. ಕಂಪನಿಯವರು ಕರೆದಿದ್ದಕ್ಕೂ ಆಗಲ್ಲ, ಹಾಡು ಬರೆದವನು ಅವನು, ಅವನನ್ನೇ ಕರೀರಿ ಅಂತ ಬರೆದು ಕಳಿಸಿದ್ಲು." ಅವನ ಕೈಯಲ್ಲಿ ಕರವಸ್ತ್ರ ಹಾಗೆಯೇ ನಿಂತಿತು. ಇನ್ಸ್‌ಪೆಕ್ಟರ್ ಕಡತವನ್ನು ನಿಧಾನವಾಗಿ ಮತ್ತೆ ತೆರೆದರು, ಸಹಿ ಇನ್ನೂ ಒಣಗಿರಲಿಲ್ಲ. ಅಕ್ಕ ಕುರ್ಚಿ ಎಳೆದು ಅವನ ಎದುರಿಗೇ ಕೂತು ಅವನ ಮುಖವನ್ನು ನೋಡಿದಳು. "ಹೇಳಪ್ಪ, ಎಂಟು ನಿಮಿಷ ಅವಳು ನಿನಗೆ ಏನೇನು ಉತ್ತರ ಕೊಟ್ಲು? ಇನ್ನೊಂದ್ಸಲ ಹೇಳು."