ಅಜ್ಜಿ ಅದ್ದಿದ ಅಂಗಿ

"ಲೇ, ಇದು ಹಳದಿ ಅಲ್ಲ, ಅರಿಶಿಣ!"

ಯೆಲ್ಲೋ ಹೌಸಿನ ಕ್ಯಾಪ್ಟನ್ ಸುಮಲತಾ, ಚಂದನಾಳ ಅಂಗಿಯ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಮೂಸಿ ನೋಡಿದಳು. "ಥೂ, ಸಾರಿನ ವಾಸನಿ! ಹಳದಿ ಟೀ ಶರ್ಟ್ ಇಲ್ದೋರು ರಿಲೇ ಓಡಂಗಿಲ್ಲ."

ಅಂದು ಶಾಲೆಯ ಸ್ಪೋರ್ಟ್ಸ್ ಡೇ. ಹೌಸಿನವರೆಲ್ಲ ಹಡಗಲಿ ಪೇಟೆಯಿಂದ ಮಿರಮಿರ ಮಿಂಚುವ ಟೀ ಶರ್ಟ್ ತರಿಸಿದ್ದರು. ಚಂದನಾಳ ಅಜ್ಜಿ ಗಾದೆಮ್ಮ ಮಾತ್ರ, "ಮೈಲಾರಪ್ಪ ದೇವ್ರ ಹಣಿಮ್ಯಾಲ ಇರೋ ಅರಿಶಿಣಕ್ಕಿಂತ ಚೊಲೊ ಹಳದಿ ಯಾವ ಅಂಗಡ್ಯಾಗ ಐತಿ?" ಎಂದು ಬಿಳಿ ಅಂಗಿಯನ್ನೇ ಅರಿಶಿನದ ನೀರಿಗೆ ಅದ್ದಿಬಿಟ್ಟಿದ್ದಳು.

ಚಂದನಾಗೆ ಅಳು ಒತ್ತಿ ಬಂತು. ಈ ರಿಲೇಗಾಗಿ ಅವಳು ತಿಂಗಳಿಡೀ ಮನೆಯ ಕುರಿಗಳ ಹಿಂದೆ ಓಡಿದ್ದಳು. ಕುರಿಗಳೇ ಸುಸ್ತಾಗಿದ್ದವು.

ಅಷ್ಟರಲ್ಲಿ ಸೋಮಪ್ಪ ಸರ್ ಬಂದರು. ಅವರು ಪಿ.ಟಿ.ಯನ್ನೂ ಕಲಿಸುತ್ತಿದ್ದರು, ಹಿಂದಿಯನ್ನೂ ಕಲಿಸುತ್ತಿದ್ದರು. ಎರಡಕ್ಕೂ ಒಂದೇ ಸೀಟಿ.

"ಸುಮಲತಾ, ಹಿಂದಿಯಾಗ ಅರಿಶಿಣಕ್ಕ ಏನಂತಾರ?"

"ಹಲ್ದಿ ಸರ್."

"ಹಲ್ದಿ, ಹಳದಿ. ಅಕ್ಕ ತಂಗಿ ಇದ್ದಂಗ ಅದಾವಲ್ಲ? ಬಣ್ಣಕ್ಕ ಆ ಹೆಸ್ರು ಬಂದದ್ದ ಅರಿಶಿಣದಿಂದ. ಹಂಗ ನೋಡಿದ್ರ ಈಕಿದು ಅಸಲು, ನಿಂದು ಡೂಪ್ಲಿಕೇಟು. ನಡೀರಿ, ಓಡ್ರಿ!"

ಕೊನೆಯ ಓಟ ಚಂದನಾಳದು. ಕೋಲು ಕೈಗೆ ಸಿಕ್ಕಿದ್ದೇ ತಡ, ಓಟ ಕಿತ್ತಳು. ಎಲ್ಲರನ್ನೂ ಹಿಂದೆ ಹಾಕಿದಳು. ಇನ್ನೇನು ಮುಗಿಯಿತು ಅನ್ನುವಾಗ ಎಡವಿ, ಬೆವರಿನಿಂದ ತೊಯ್ದ ಅಂಗಿ ಸಮೇತ ಸುಣ್ಣದ ಗೆರೆಯ ಮೇಲೆ ಮಕಾಡೆ ಬಿದ್ದಳು. ಗೆದ್ದದ್ದೂ ಬಿದ್ದದ್ದೂ ಒಂದೇ ಸಲ ಆಯಿತು.

ಎದ್ದು ನಿಂತಾಗ ಅಂಗಿಯ ಮುಂಭಾಗವೆಲ್ಲ ಕೆಂಪು!

"ಅಯ್ಯಯ್ಯೋ, ರಕ್ತ!" ಸುಮಲತಾ ಚೀರಿದಳು. ಫಸ್ಟ್ ಏಡ್ ಬಾಕ್ಸ್ ತರಲು ಕೂಗಿದ ಸೋಮಪ್ಪ ಸರ್, ತಲೆ ಸುತ್ತಿ ತಾವೇ ಕುಳಿತುಬಿಟ್ಟರು. ರೆಡ್ ಹೌಸಿನ ದುರುಗೇಶ್ ಮಾತ್ರ, "ಕೆಂಪಂಗಿ ನಮ್ಮ ಹೌಸಿಂದು! ಪಾಯಿಂಟೂ ನಮಗ!" ಎಂದು ಕುಣಿದ.

ಚಂದನಾ ಮೈಯೆಲ್ಲ ತಡವಿಕೊಂಡಳು. ಎಲ್ಲೂ ನೋವಿರಲಿಲ್ಲ.

ನೋಡಲು ಬಂದಿದ್ದ ಗಾದೆಮ್ಮ ನಗುತ್ತಾ ಮೈದಾನಕ್ಕೇ ನುಗ್ಗಿದಳು. "ರಕ್ತ ಅಲ್ರೀ ಸರ, ಅರಿಶಿಣಕ್ಕ ಸುಣ್ಣ ಹತ್ತೇತಿ! ಆರತಿ ತಟ್ಟ್ಯಾಗ ಕೆಂಪು ನೀರು ಹೆಂಗ ಮಾಡ್ತಾರ ಅಂತ ತಿಳಕೊಂಡೀರಿ? ಇಷ್ಟು ಓದಿ ಇದ ಗೊತ್ತಿಲ್ಲೇನು?"

ಅವಳು ಅಂಗೈಗೆ ನೀರು ಹಚ್ಚಿ, ನೆಲದ ಸುಣ್ಣ ತಿಕ್ಕಿ ತೋರಿಸಿದಳು. ಹಳದಿ ಅಂಗೈ ಕೆಂಪಾಯಿತು. ಮಕ್ಕಳು ಮುಗಿಬಿದ್ದರು. "ಅಜ್ಜಿ, ಇನ್ನೊಮ್ಮಿ ಮಾಡ್ರಿ!" ಎಂದಳು ಸುಮಲತಾ.

ಚಂದನಾ ಅಜ್ಜಿಯ ತೋಳು ನೋಡುತ್ತಿದ್ದಳು. ಮೊಣಕೈವರೆಗೂ ಹಳದಿ, ಉಗುರಿನ ಸಂದಿಯಲ್ಲೂ ಹಳದಿ. ಬಣ್ಣ ಚೆನ್ನಾಗಿ ಹಿಡಿಯಲೆಂದು ಅಜ್ಜಿ ನಿನ್ನೆ ಎಷ್ಟು ಸಲ ಅದ್ದಿ ಹಿಂಡಿದ್ದಳೋ! ಬೆಳಗ್ಗೆ ಇದೇ ಕೈ ತಲೆ ಬಾಚಲು ಬಂದಾಗ "ಮುಟ್ಟಬ್ಯಾಡ" ಎಂದು ಸಿಡುಕಿದ್ದು ನೆನಪಾಗಿ ಅವಳಿಗೆ ತುಂಬ ಕೆಟ್ಟದೆನಿಸಿತು.

"ಅಂಗಿ ಕೆಟ್ಟು ಹೋತಲ್ಲ ಕೂಸ," ಎಂದಳು ಗಾದೆಮ್ಮ. "ನಡಿ, ಅಂಗಡ್ಯಾಗಿಂದ ಕೊಡಸ್ತೀನಿ."

"ಏನೂ ಬ್ಯಾಡ. ಇದನ್ನ ಮತ್ತ ಅದ್ದೋಣು. ಹಿಂಡೋದು ನಂದು," ಎಂದ ಚಂದನಾ ಎಲ್ಲರ ಎದುರಿಗೇ ಅಜ್ಜಿಯ ಕೈ ಹಿಡಿದುಕೊಂಡಳು.